ಬ್ರೌಸರ್ ತೆರೆದರೆ ಬೇರೆ ಪೇಜ್ ಬರ್ತಿದ್ರೆ

ಅಡಿಕೆ ದರ ಹುಡುಕಿದರೆ ಯಾವುದೋ ಗೊತ್ತಿಲ್ಲದ ಸರ್ಚ್ ಪೇಜ್ ಬರ್ತಿದೆಯಾ? ಅಷ್ಟಕ್ಕೇ ಶಿರಸಿ ಪೇಟೆಗೆ ಕಂಪ್ಯೂಟರ್ ಹೊತ್ತೊಯ್ದು ವಿಂಡೋಸ್ ಹೊಸದಾಗಿ ಹಾಕಿಸಬೇಡಿ.

ಮೊದಲು ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನ ಬಂದ ಅಪರಿಚಿತ ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿ. ಪಿಡಿಎಫ್ ಕನ್ವರ್ಟರ್ ಹುಡುಕುವಾಗ ಸಿಗುವ ನಕಲಿ ಡೌನ್‌ಲೋಡ್ ಬಟನ್‌ನಿಂದಲೇ ಇಂಥವು ಹೆಚ್ಚಾಗಿ ನುಗ್ಗೋದು.

ಆಮೇಲೆ ಕ್ರೋಮ್‌ನಲ್ಲಿ ಗೊತ್ತಿಲ್ಲದ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಕೊಳ್ಳುವ ಚಿಕ್ಕ ಪ್ರೋಗ್ರಾಂ) ಇದ್ದರೆ ತೆಗೆದುಹಾಕಿ. ರಿಮೂವ್ ಬಟನ್ನೇ ಇಲ್ಲ, ಮೆನುವಿನ ಕೊನೆಗೆ 'ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಷನ್' ಅಂತಿದ್ದರೆ ಮಾಲ್‌ವೇರ್ (ಕಿಡಿಗೇಡಿ ಪ್ರೋಗ್ರಾಂ) ವಿಂಡೋಸ್ ತನ್ನ ಸೆಟ್ಟಿಂಗ್ಸ್ ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಪಾಲಿಸಿ, ಅಂದರೆ ಕ್ರೋಮ್ ಪಾಲಿಸಲೇಬೇಕಾದ ನಿಯಮ, ಬರೆದಿರಬಹುದು. ರಿಜಿಸ್ಟ್ರಿ ತೆರೆದು ತೋರಿಸುವ ರೆಜ್‌ಎಡಿಟ್‌ನಲ್ಲಿ (regedit) ಲೋಕಲ್ ಮಷೀನ್, ಕರೆಂಟ್ ಯೂಸರ್ ಎರಡರಲ್ಲೂ ಸಾಫ್ಟ್‌ವೇರ್ > ಪಾಲಿಸೀಸ್ > ಗೂಗಲ್ > ಕ್ರೋಮ್ ನೋಡಿ. ಬ್ಯಾಕಪ್‌ಗೆ ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ಆ ಕ್ರೋಮ್ ಫೋಲ್ಡರ್ ಅಳಿಸಿ. ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದಕ್ಕೆ ಕೈಹಾಕಬೇಡಿ, ಅಲ್ಲಿ ಪಾಲಿಸಿ ಅಸಲಿಯೇ ಇರುತ್ತದೆ.

ಕ್ರೋಮ್ ತೆರೆಯುವ ಶಾರ್ಟ್‌ಕಟ್‌ ಐಕಾನ್‌ನ ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಸಾಲಿನ ಕೊನೆಗೆ ವೆಬ್ ವಿಳಾಸ ಅಂಟಿಸಿದ್ದರೆ ಅದನ್ನೂ ಅಳಿಸಿ. ಇದನ್ನು ಬಹಳ ಜನ ನೋಡುವುದೇ ಇಲ್ಲ.

ಕೊನೆಗೆ ವಿಂಡೋಸ್‌ನಲ್ಲೇ ಇರುವ ಆಂಟಿವೈರಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಮಾಡಿ. ಸುಮಾರು 15 ನಿಮಿಷ, ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ ಮಾರಾಯ್ರೆ. ತೆಗೆದ ಎಕ್ಸ್‌ಟೆನ್ಶನ್ ಮತ್ತೆ ಮತ್ತೆ ಬರ್ತಿದ್ದರೆ ಅದೇ ಗೂಗಲ್ ಅಕೌಂಟ್ ಇರುವ ಇನ್ನೊಂದು ಕಂಪ್ಯೂಟರ್‌ನಿಂದ ಸಿಂಕ್ ಆಗ್ತಿರಬಹುದು, ಅಲ್ಲಿಯೂ ತೆಗೆಯಿರಿ.