ಮಕ್ಕಳು-ಮರಿ ಕಟ್ಟಿಕೊಂಡು ಐದು ದಿನದ ಗಾಡಿ ಸಂಸಾರ: ವಿಜಯಪುರದಿಂದ ಗೋಕಾಕದವರೆಗೆ

ಯಲ್ಲಮ್ಮನ ಗುಡ್ಡಕ್ಕೆ, ಬನಶಂಕರಿ ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಬಂಡಿಯೊಳಗೆ ಬುತ್ತಿ, ಕೌದಿ, ಎತ್ತಿಗೆ ಮೇವು, ನಡುವೆ ಮಕ್ಕಳು. ಎತ್ತು ದಣಿದ ಕಡೆ ಬಿಡಾರ. ಈಗ ಬಂಡಿಯ ಜಾಗಕ್ಕೆ ಟೆಂಪೋ ಟ್ರಾವೆಲರ್ ಬಂದಿದೆ. ಅದಕ್ಕೆ ದಣಿವಿಲ್ಲವೆಂದು ದಿನಕ್ಕೆ ಮುನ್ನೂರು ಕಿಲೋಮೀಟರ್ ಓಡಿಸುತ್ತೇವೆ, ಒಳಗೆ ಕೂತ ಮಕ್ಕಳು ದಣಿಯುತ್ತವೆ. ಆಸ್ಟ್ರೇಲಿಯಾದಲ್ಲಿ ಸಣ್ಣ ಸಣ್ಣ ಊರಿನಲ್ಲೂ ಮನೆಯಂಥ ಗಾಡಿ ನಿಲ್ಲಿಸಿ ತಂಗುವ ಕ್ಯಾರವಾನ್ ಪಾರ್ಕ್ ಇರುತ್ತದೆ. ಕರೆಂಟು, ನೀರು, ಬಚ್ಚಲು ಒಂದೇ ಕಡೆ ಸಿಗುತ್ತವೆ. ನಮ್ಮಲ್ಲಿ ಯಾತ್ರಿ ನಿವಾಸ, ಪೆಟ್ರೋಲ್ ಬಂಕು, ಹಳ್ಳಿಯ ನೀರಿನ ಘಟಕ ಇವನ್ನು ಕೂಡಿಸಿ ಆ ಅನುಕೂಲವನ್ನು ನಾವೇ ಹೊಂದಿಸಿಕೊಳ್ಳಬೇಕು. ಅದಕ್ಕೇ ಏನು ನೋಡುವುದು ಎಂಬ ಪಟ್ಟಿಗಿಂತ ಮೊದಲು ಎಲ್ಲಿ ನಿಲ್ಲುವುದು ಎಂಬ ಪಟ್ಟಿ ಬರೆಯಿರಿ. ಕೆಳಗಿನ ಲೆಕ್ಕವೆಲ್ಲ ಅಪ್ಪ-ಅವ್ವ, ಅಜ್ಜ-ಅಜ್ಜಿ, ಎರಡು ಮಕ್ಕಳು ಮತ್ತು ಚಾಲಕ, ಹೀಗೆ ಏಳು ಮಂದಿಗೆ.

ಯಾವಾಗ, ಎಷ್ಟು ದೂರ

ನವೆಂಬರ್ ನಡುವಿನಿಂದ ಫೆಬ್ರುವರಿ ನಡುವಿನವರೆಗೆ ಹೊರಡಿ. ಮಾರ್ಚ್ ದಾಟಿದರೆ ವಿಜಯಪುರದ ಬಿಸಿಲಿಗೆ ಗಾಡಿಯ ತಗಡು ಕಾದು ಮಧ್ಯಾಹ್ನ ಮಕ್ಕಳು ಒಳಗೆ ಕೂರಲಾರವು. ಚಳಿಗಾಲದಲ್ಲೂ ಹಗಲು ಬಿಸಿಲೇ, ಆದರೆ ಬೆಳಗಿನ ಜಾವ ಗಡಗಡ ನಡುಗಿಸುತ್ತದೆ. ತಲೆಗೊಂದು ಕೌದಿ ಬೇಕೇ ಬೇಕು.

ದಿನದ ಓಟ ನೂರು ಕಿಲೋಮೀಟರ್ ಆಸುಪಾಸಿನಲ್ಲೇ ಮುಗಿಯುವಂತೆ ನೋಡಿಕೊಳ್ಳಿ. ಬಾಡಿಗೆ ಗಾಡಿಗೆ ಸಾಮಾನ್ಯವಾಗಿ ದಿನಕ್ಕೆ ಇಂತಿಷ್ಟು ಎಂದು ಕನಿಷ್ಠ ಕಿಲೋಮೀಟರ್ ಕಟ್ಟಿರುತ್ತಾರೆ. ಎಷ್ಟೋ ಪ್ರವಾಸಗಳು ಕೆಡುವುದು ಇಲ್ಲಿಂದಲೇ. 'ಹೆಂಗೂ ರೊಕ್ಕ ಕೊಟ್ಟೀವಿ, ಅದನ್ನೂ ನೋಡೇ ಬಿಡೋಣ' ಎಂದು ಸಂಜೆ ಇನ್ನೊಂದು ಊರು ಸೇರಿಸುತ್ತಾರೆ, ಮಕ್ಕಳು ರಾತ್ರಿ ಹತ್ತಕ್ಕೆ ಅರೆನಿದ್ದೆಯಲ್ಲಿ ಉಣ್ಣುತ್ತವೆ. ಬಾಡಿಗೆ ಮಾತಾಡುವಾಗಲೇ ಐದು ದಿನದ ಒಟ್ಟು ದಾರಿ ಹೇಳಿ, ದಿನದ ಲೆಕ್ಕದಲ್ಲಿ ಒಂದು ಮೊತ್ತ ಗೊತ್ತು ಮಾಡಿಕೊಳ್ಳಿ. ಚಾಲಕರ ಭತ್ಯೆ, ಅವರ ಊಟ, ಮಲಗುವ ಜಾಗ ಆಗಲೇ ತೀರ್ಮಾನವಾಗಲಿ. ಏಳು ತಾಸು ನಿದ್ದೆಯಾಗದ ಚಾಲಕರ ಕೈಗೆ ಗಾಡಿ ಕೊಡಬಾರದು. ಸೀಟಿನ ಮೇಲೆ ಮುದುಡಿ ಮಲಗಿದರೆ ಅದು ನಿದ್ದೆಯಲ್ಲ. ಅವರಿಗೂ ಹಾಸಿಗೆ, ಕೌದಿ ಕೊಡಿ.

ದಾರಿ ಹೀಗಿರಲಿ: ಮೊದಲ ದಿನ ವಿಜಯಪುರ ಮತ್ತು ಆಲಮಟ್ಟಿ, ಎರಡನೆಯ ದಿನ ಕೂಡಲಸಂಗಮ, ಮೂರನೆಯ ದಿನ ಐಹೊಳೆ ಮತ್ತು ಪಟ್ಟದಕಲ್ಲು, ನಾಲ್ಕನೆಯ ದಿನ ಪೂರ್ತಿ ಬಾದಾಮಿ, ಬನಶಂಕರಿ, ಮಹಾಕೂಟ, ಐದನೆಯ ದಿನ ಗೋಕಾಕ. ಬನಶಂಕರಿ ಜಾತ್ರೆಯ ಬನದ ಹುಣ್ಣಿಮೆ ಯಾವತ್ತು ಬರುತ್ತದೆಂದು ಪಂಚಾಂಗ ನೋಡಿ. ಜಾತ್ರೆ, ನಾಟಕ ಕಂಪನಿ ತೋರಿಸುವ ಆಸೆಯಿದ್ದರೆ ಆಗ ಹೋಗಿ. ಇಲ್ಲವಾದರೆ ಆ ವಾರ ಬಾದಾಮಿಯ ಕಡೆ ಗಾಡಿ ನಿಲ್ಲಿಸಲೂ ಜಾಗ ಸಿಗುವುದಿಲ್ಲ.

ಗಾಡಿ

ಬಾಡಿಗೆಗೆ ಹಳದಿ ಬೋರ್ಡಿನ ಗಾಡಿಯೇ ಆಗಬೇಕು. ಸ್ವಂತ ಗಾಡಿಯಾದರೆ ಸೀಟು ಬಿಚ್ಚಿ ಮಂಚ ಕೂರಿಸುವ ಉಮೇದು ಬೇಡ. ಗಾಡಿಯ ರೂಪ ಬದಲಿಸಿದರೆ ಆರ್‌ಟಿಒ ಅನುಮತಿ ಬೇಕಾಗುತ್ತದೆ, ಅಪಘಾತವಾದಾಗ ವಿಮೆಗೂ ತಕರಾರು ಬರುತ್ತದೆ. ಅದರ ಬದಲು ಎರಡು ಸೀಟಿನ ಸಾಲುಗಳ ನಡುವಿನ ಸಂದು ಅಳೆದು, ಅಲ್ಲಿ ಕೂರುವಂತೆ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆ ಕೊಯ್ಯಿಸಿ. ರಾತ್ರಿ ಹಾಕಿ ಮೇಲೆ ಕೌದಿ ಹಾಸಿದರೆ ಇಬ್ಬರು ಮಲಗಬಹುದು. ಬೆಳಿಗ್ಗೆ ಹೊರಡುವ ಮುಂಚೆ ಹಲಗೆ ತೆಗೆದು ನೆಲಕ್ಕೆ ಬಿಗಿದು ಕಟ್ಟಿ. ಜೋರಾಗಿ ಬ್ರೇಕ್ ಹಾಕಿದರೆ ಬಿಡಿ ಹಲಗೆ ಮುಂದೆ ಕೂತವರ ಕುತ್ತಿಗೆಗೆ ಬರುತ್ತದೆ. ಓಡುವ ಗಾಡಿಯಲ್ಲಿ ಮಕ್ಕಳನ್ನು ಮಲಗಿಸುವುದು, ತೊಡೆಯ ಮೇಲೆ ಕೂರಿಸಿಕೊಳ್ಳುವುದು ಎರಡೂ ಬೇಡ. ಪ್ರತಿ ಮಗುವಿಗೂ ಒಂದು ಸೀಟು, ಒಂದು ಬೆಲ್ಟು. ನಾಲ್ಕು ವರ್ಷದೊಳಗಿನ ಮಗುವಿದ್ದರೆ ಮಕ್ಕಳ ಸೀಟು ಒಯ್ದು, ಅದು ಆ ಬೆಲ್ಟಿಗೆ ಬಿಗಿಯಾಗುತ್ತದೆಯೇ ಎಂದು ಹಿಂದಿನ ದಿನವೇ ಹಾಕಿ ನೋಡಿ.

ಹೊರಡುವ ಹಿಂದಿನ ಸಂಜೆ ಸ್ಟೆಪ್ನಿಯ ಗಾಳಿ, ಜಾಕು, ವೀಲ್ ಸ್ಪ್ಯಾನರ್ ಕಣ್ಣಾರೆ ನೋಡಿ. ಟೈರಿನ ಗಾಳಿಯನ್ನು ಗಾಡಿ ತಣ್ಣಗಿದ್ದಾಗ ಅಳೆಯಬೇಕು. ಓಡಿ ಬಂದ ಟೈರು ಬಿಸಿಯಾಗಿ ಹೆಚ್ಚಿನ ಅಂಕಿ ತೋರಿಸುತ್ತದೆ. ನೀರಿನ ಕ್ಯಾನು, ಸಿಲಿಂಡರ್, ಅಕ್ಕಿಚೀಲದಂಥ ಭಾರದ ಸಾಮಾನು ನೆಲದ ಮೇಲೆ, ಹಿಂದಿನ ಗಾಲಿಗಿಂತ ಮುಂದೆ ಇರಲಿ. ಟಾಪಿನ ಕ್ಯಾರಿಯರ್ ಮೇಲೆ ಹಾಸಿಗೆ, ಜಮಖಾನೆಯಂಥ ಹಗುರ ಸಾಮಾನು ಮಾತ್ರ. ಎರಡು ಕಿಲೋದ ಬೆಂಕಿ ಆರಿಸುವ ಸಿಲಿಂಡರ್ ಚಾಲಕರ ಕೈಗೆ ಎಟುಕುವಂತಿರಲಿ, ಅದರ ಮುಳ್ಳು ಹಸಿರು ಗೆರೆಯಲ್ಲಿರಬೇಕು.

ದಾರಿಯ ಮೇಲಿನ ಅಪಾಯಗಳು

ಇದನ್ನು ಮಾತ್ರ ಎರಡು ಸಲ ಓದಿ. ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದ ಮೇಲೆ ಜಮಖಂಡಿ, ಮುಧೋಳ, ಗೋಕಾಕ ಕಡೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಗಲು-ರಾತ್ರಿ ಓಡುತ್ತವೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಹೊರಗೆ ಚಾಚಿದ ಕಬ್ಬಿನ ತುದಿ ಎದುರಿನ ಗಾಡಿಯ ಬೆಳಕಿನಲ್ಲಿ ಕಾಣುವುದೇ ಇಲ್ಲ. ಕೆಟ್ಟು ನಿಂತ ಟ್ರೇಲರ್ ರಸ್ತೆಯ ಮೇಲೆಯೇ ಇರುತ್ತದೆ, ಗುರುತಿಗೆ ಹಿಂದೆ ನಾಲ್ಕು ಕಲ್ಲು. ಆದ್ದರಿಂದ ಹೊತ್ತು ಮುಳುಗುವ ಮೊದಲು ಬಿಡಾರ ಸೇರಲೇಬೇಕು. ಹಗಲಿನಲ್ಲಿ ಹಿಂದೆ ಹಾಕುವಾಗ ಟ್ರ್ಯಾಕ್ಟರ್ ಒಂದೇ ಎಂದುಕೊಂಡು ನುಗ್ಗಬೇಡಿ, ಎರಡೂ ಟ್ರೇಲರ್ ದಾಟುವಷ್ಟು ಖಾಲಿ ರಸ್ತೆ ಎದುರಿಗೆ ಕಾಣಬೇಕು.

ಎರಡನೆಯದು ರಸ್ತೆಯ ಮೇಲಿನ ರಾಶಿ. ಸುಗ್ಗಿಯಲ್ಲಿ ತೊಗರಿ, ಸಜ್ಜಿ, ಹುರುಳಿ ತಂದು ಡಾಂಬರಿನ ಮೇಲೆ ಹರವಿರುತ್ತಾರೆ, ಓಡಾಡುವ ಗಾಡಿಗಳಿಂದಲೇ ಒಕ್ಕಲಾಗಲಿ ಎಂದು. ಆ ಒಣ ಬಳ್ಳಿ, ಕಡ್ಡಿ ಗಾಡಿಯ ಅಡಿಯ ತಿರುಗುವ ಶಾಫ್ಟಿಗೆ ಸುತ್ತಿಕೊಂಡು, ಕಾದ ಸೈಲೆನ್ಸರ್‌ಗೆ ತಾಗಿ ಬೆಂಕಿ ಹತ್ತುತ್ತದೆ. ಪಕ್ಕದಲ್ಲಿ ಖಾಲಿ ಜಾಗವಿದ್ದರೆ ಅಲ್ಲಿಂದ ಹೋಗಿ. ಇಲ್ಲದಿದ್ದರೆ ನಿಧಾನವಾಗಿ, ನಿಲ್ಲದೆ ದಾಟಿ, ಇನ್ನೂರು ಮೀಟರ್ ಮುಂದೆ ನಿಲ್ಲಿಸಿ ಬಗ್ಗಿ ನೋಡಿ. ಸುಟ್ಟ ವಾಸನೆ ಬಂದರೆ ಮೊದಲು ಮಕ್ಕಳನ್ನು ಇಳಿಸಿ, ಆಮೇಲೆ ಕಾರಣ ಹುಡುಕಿ.

ಮೂರನೆಯದು ಎರಿ ಭೂಮಿ. ಒಣಗಿದಾಗ ಕಲ್ಲಿನಂತಿರುವ ಕರಿ ಮಣ್ಣು ಒಂದು ಮಳೆಗೆ ಬೆಣ್ಣೆಯಾಗುತ್ತದೆ. ಮೊಬೈಲಿನ ನಕ್ಷೆ ಹತ್ತಿರದ ದಾರಿಯೆಂದು ಹೊಲದ ದಾರಿಗೆ ಇಳಿಸುತ್ತದೆ. ಕೂಡಲಸಂಗಮದಿಂದ ಐಹೊಳೆಗೆ ಹುನಗುಂದ, ಅಮೀನಗಡದ ಮೇಲೆ ಡಾಂಬರು ರಸ್ತೆಯಲ್ಲೇ ಹೋಗಿ. ಅಮೀನಗಡದಲ್ಲಿ ಕರದಂಟೂ ಸಿಗುತ್ತದೆ. ಗಾಲಿ ಹೂತರೆ ಎಕ್ಸಲರೇಟರ್ ಒತ್ತಬೇಡಿ, ತಿರುಗಿದಷ್ಟೂ ಆಳಕ್ಕಿಳಿಯುತ್ತದೆ. ಎಲ್ಲರನ್ನೂ ಇಳಿಸಿ, ಗಾಲಿಯ ಮುಂದಿನ ಮಣ್ಣು ಕೆದರಿ, ಗೋಣಿಚೀಲ ಇಲ್ಲವೇ ಜೋಳದ ಕಣಿಕೆ ತುರುಕಿ ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತಿ. ಎರಡು ಯತ್ನಕ್ಕೆ ಬರದಿದ್ದರೆ ಪಕ್ಕದ ಹೊಲದವರನ್ನು ಕೇಳಿ ಟ್ರ್ಯಾಕ್ಟರ್ ತರಿಸಿ. ನಾಲ್ಕು ಗೋಣಿಚೀಲ, ಹತ್ತು ಮೀಟರ್ ದಪ್ಪ ಹಗ್ಗ ಗಾಡಿಯಲ್ಲಿರಲಿ.

ನೀರು ಮತ್ತು ಒಲೆ

ಕುಡಿಯಲು ತಲೆಗೆ 3 ಲೀಟರ್, ಅಡಿಗೆ ಮತ್ತು ಪಾತ್ರೆಗೆ 25 ಲೀಟರ್. ಏಳು ಮಂದಿಗೆ ದಿನಕ್ಕೆ ಸುಮಾರು 46 ಲೀಟರ್ ಆಯಿತು. 20 ಲೀಟರಿನ ಮೂರು ಕ್ಯಾನು ಸಾಕು. ಹೆಚ್ಚಿಗೆ ಹೇರಿದರೆ ಲೀಟರಿಗೊಂದು ಕಿಲೋ ಭಾರ. ಬಹಳಷ್ಟು ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ಶುದ್ಧ ನೀರು ಬರುವ ಘಟಕಗಳಿವೆ. ಬೆಳಿಗ್ಗೆ ಕರೆಂಟ್ ಇದ್ದಾಗಲೇ ತುಂಬಿಸಿಕೊಳ್ಳಿ, ಚಿಲ್ಲರೆ ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಈ ಭಾಗದ ಬೋರಿನ ನೀರು ಎಷ್ಟೋ ಕಡೆ ಸವಳು; ಪಾತ್ರೆಗಾದೀತು, ಮಕ್ಕಳಿಗೆ ಕುಡಿಸಬೇಡಿ.

ಒಲೆಗೆ 5 ಕಿಲೋ ಸಣ್ಣ ಸಿಲಿಂಡರ್ ಒಯ್ಯಿರಿ. ಒಂದು ಬರ್ನರ್ ತಾಸಿಗೆ ಸುಮಾರು 150ರಿಂದ 200 ಗ್ರಾಂ ಗ್ಯಾಸ್ ಉರಿಸುತ್ತದೆ. ದಿನಕ್ಕೆ ಎರಡೂವರೆ ತಾಸು ಹಚ್ಚಿದರೂ ಐದು ದಿನಕ್ಕೆ ಎರಡೂವರೆ ಕಿಲೋ ದಾಟುವುದಿಲ್ಲ. ಐಎಸ್‌ಐ ಗುರುತಿನ ಪೈಪು ಹಾಕಿ, ಜೋಡಣೆಗಳಿಗೆ ಸೋಪಿನ ನೊರೆ ಸವರಿ ಗುಳ್ಳೆ ಬರುತ್ತದೆಯೇ ನೋಡಿ. ಗಾಡಿಯೊಳಗೆ, ಬಾಗಿಲು ತೆರೆದಿದ್ದರೂ ಕೂಡ, ಒಲೆ ಹಚ್ಚಬಾರದು. ಈ ಗ್ಯಾಸ್ ಗಾಳಿಗಿಂತ ಭಾರ; ಸೋರಿದರೆ ಕಿಟಕಿಯಿಂದ ಹೊರಹೋಗದೆ ಗಾಡಿಯ ನೆಲದಲ್ಲೇ ತಂಗುತ್ತದೆ. ಗಾಡಿಯಿಂದ ಹತ್ತು ಹೆಜ್ಜೆ ದೂರ, ಗಾಳಿಗೆ ಮರೆ ಮಾಡಿ ಹೂಡಿ. ಕಣಿಕೆಯ ಬಣವಿ ಇರುವ ಕಡೆ ಬೇಡವೇ ಬೇಡ. ಸ್ಮಾರಕಗಳ ಆವರಣದಲ್ಲೂ ಅಡಿಗೆ ಮಾಡಬಾರದು.

ನಿಜ ಹೇಳಬೇಕೆಂದರೆ ನಮ್ಮ ಬುತ್ತಿಗೆ ಒಲೆಯೇ ಹೆಚ್ಚು ಬೇಕಿಲ್ಲ. ಐವತ್ತು ಖಡಕ್ ರೊಟ್ಟಿ, ಅರ್ಧ ಕಿಲೋ ಶೇಂಗಾ ಚಟ್ನಿ, ಕಾಲು ಕಿಲೋ ಗುರೆಳ್ಳು ಚಟ್ನಿ, ಇಪ್ಪತ್ತು ಶೇಂಗಾ ಹೋಳಿಗೆ ಐದು ದಿನವೂ ಕೆಡುವುದಿಲ್ಲ. ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಬಿಸಿ ಆರುವ ಮೊದಲು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೆವರಿ ಬೂಸು ಹಿಡಿಯುತ್ತದೆ. ಚಪಾತಿ-ಪಲ್ಯ ಮೊದಲ ದಿನದ ಮಧ್ಯಾಹ್ನಕ್ಕಷ್ಟೇ. ಮಕ್ಕಳಿಗೆಂದು 2 ಕಿಲೋ ಅಕ್ಕಿ, ಅರ್ಧ ಕಿಲೋ ಹೆಸರು ಬೇಳೆ, ಮೂರು ಲೀಟರಿನ ಕುಕ್ಕರ್ ಇದ್ದರೆ ರಾತ್ರಿಗೆ ಖಿಚಡಿ ಆಗುತ್ತದೆ. ಬನಶಂಕರಿ ಗುಡಿಯ ಬಳಿ ಬುಟ್ಟಿ ಇಟ್ಟುಕೊಂಡು ಕೂರುವ ತಾಯಂದಿರ ಹತ್ತಿರ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ಸಿಗುತ್ತದೆ. ಆ ದಿನ ಒಲೆ ಹಚ್ಚಬೇಡಿ.

ರಾತ್ರಿ ಬಿಡಾರ

ಯಾತ್ರಿ ನಿವಾಸದಲ್ಲಿ ಒಂದು ಕೋಣೆ ಹಿಡಿದು ಅಜ್ಜ-ಅಜ್ಜಿ, ಮಕ್ಕಳನ್ನು ಅಲ್ಲಿ ಮಲಗಿಸಿ, ಅಪ್ಪ-ಅವ್ವ ಗಾಡಿಯಲ್ಲಿ ಮಲಗುವುದು ಒಳ್ಳೆಯದು. ಕೋಣೆಯಿಂದ ಬಚ್ಚಲಿನ ಚಿಂತೆಯೂ ತಪ್ಪುತ್ತದೆ. ಕೂಡಲಸಂಗಮದಲ್ಲಿ ವಸತಿ, ದಾಸೋಹ ಎರಡೂ ಇವೆ. ಸಂಜೆ ಐದರೊಳಗೆ ತಲುಪಿ ಕೇಳಿ. ಹೊಲದಲ್ಲಿ ತಂಗುವುದಾದರೆ ಯಜಮಾನರನ್ನು ಕೇಳದೆ ಗಾಡಿ ಇಳಿಸಬೇಡಿ. ಕೇಳಿದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ, ಜೋಳ ಹಾಲುಗಾಳಾದ ಹೊತ್ತಾದರೆ ಸೀತನಿ ಸುಟ್ಟು ಮಕ್ಕಳ ಕೈಗೆ ಹಾಕುತ್ತಾರೆ. ನದಿಯ ದಂಡೆಯಲ್ಲಿ ಮಾತ್ರ ಬಿಡಾರ ಬೇಡ, ಅಣೆಕಟ್ಟಿನಿಂದ ನೀರು ಬಿಟ್ಟರೆ ದಂಡೆ ಗೊತ್ತಾಗದಂತೆ ಮುಳುಗುತ್ತದೆ.

ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗಬೇಡಿ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಎರಡು ಕಿಟಕಿ ನಾಲ್ಕು ಬೆರಳು ತೆರೆದು ಸೊಳ್ಳೆ ಪರದೆ ಅಂಟಿಸಿ. ಬೆಳಿಗ್ಗೆ ಚಪ್ಪಲಿ, ಬೂಟು, ಕೌದಿ ಕೊಡವಿದ ಮೇಲೇ ಮಕ್ಕಳಿಗೆ ಕೊಡಿ. ಚೇಳು ಕಡಿದು ಮಗು ಬೆವರಿ, ಕೈಕಾಲು ತಣ್ಣಗಾಗಿ, ವಾಂತಿ ಮಾಡಿಕೊಂಡರೆ ವಿಷ ಹೃದಯಕ್ಕೆ ತಟ್ಟುತ್ತಿದೆ ಎಂದು ತಿಳಿಯಿರಿ. ಇದು ಕಾಣಲಿ ಎಂದು ಕಾಯದೆ ಕಡಿದ ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ಹಾವು ಕಡಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕಡಿದ ಕೈಕಾಲು ಅಲುಗಿಸದೆ 108ಕ್ಕೆ ಕರೆ ಮಾಡಿ.

ಮಕ್ಕಳ ಸಂಗತಿ

ಒಂದೂವರೆ ತಾಸಿಗೊಮ್ಮೆ ಹದಿನೈದು ನಿಮಿಷ ಇಳಿಸಿ ಓಡಾಡಲು ಬಿಡಿ. ವಾಂತಿ ಮಾಡಿಕೊಳ್ಳುವ ಮಗುವಿಗೆ ಹೊರಡುವ ಒಂದು ತಾಸು ಮುಂಚೆ ಒಣ ರೊಟ್ಟಿಯೋ ಚುರುಮುರಿಯೋ ಕೊಡಿ, ಹಾಲು ಬೇಡ. ಮುಂದಿನ ಸಾಲಿನಲ್ಲಿ ಕೂರಿಸಿ, ಮೊಬೈಲ್ ಕೊಡಬೇಡಿ. ಕಣ್ಣು ಪರದೆಯ ಮೇಲೆ ನಿಂತು, ಕಿವಿಯೊಳಗೆ ಗಾಡಿಯ ಓಲಾಟ ತಿಳಿಯುತ್ತಿದ್ದರೆ ಹೊಟ್ಟೆ ತೊಳಸುವುದು ಅದರಿಂದಲೇ. ಭೇದಿ ಆದರೆ ಒಆರ್‌ಎಸ್ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ. ಸ್ವಲ್ಪ ಪುಡಿ, ಒಂದು ಲೋಟ ನೀರು ಎಂದು ಅಂದಾಜಿನಲ್ಲಿ ಕಲಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಇನ್ನಷ್ಟು ತೊಂದರೆ. ಕಲಸಿದ್ದು 24 ತಾಸಿನ ಮೇಲೆ ಉಳಿದರೆ ಚೆಲ್ಲಿ.

ಗೋಲಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೇ ಹೋಗಿ. 1656ರಲ್ಲಿ ಮುಗಿದ ಆ ಗುಮ್ಮಟದ ಪಿಸುಮಾತು ಕೇಳಬೇಕಾದರೆ ಜನ ಕೂಗಾಡಲು ಬರುವ ಮೊದಲೇ ಮೇಲಿರಬೇಕು. ಏಳು ಅಂತಸ್ತಿನ ಇಕ್ಕಟ್ಟಿನ ಮೆಟ್ಟಿಲು, ಒಂದು ಮಗುವಿಗೆ ಒಬ್ಬ ದೊಡ್ಡವರು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಗೋಲಗುಮ್ಮಟದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಐಹೊಳೆಯಲ್ಲಿ ಎಲ್ಲ ಗುಡಿ ತೋರಿಸಲು ಹೋಗಬೇಡಿ. ದುರ್ಗ ಗುಡಿಯ ಸುತ್ತಿನ ಮೊಗಸಾಲೆಯಲ್ಲಿ ಮಕ್ಕಳು ತಾವೇ ಸುತ್ತಿ ಶಿಲ್ಪ ಹುಡುಕಲಿ. ಶಾಲೆಯಲ್ಲಿ ಇಮ್ಮಡಿ ಪುಲಿಕೇಶಿಯ ಪಾಠ ಓದಿದ ಮಗುವಿದ್ದರೆ ಗುಡ್ಡದ ಮೇಲಿನ ಮೇಗುಟಿ ಗುಡಿಗೆ ಹತ್ತಿ, ಪುಲಿಕೇಶಿಯ ಆಸ್ಥಾನ ಕವಿ ರವಿಕೀರ್ತಿಯ 634ರ ಶಾಸನ ತೋರಿಸಿ. ಪಟ್ಟದಕಲ್ಲು ಸಮತಟ್ಟು, ಹುಲ್ಲು, ನೆರಳು. ಅಜ್ಜ-ಅಜ್ಜಿಗೆ ಅದೇ ಸುಖ.

ಬಾದಾಮಿಯ ಗುಹೆಗಳಲ್ಲಿ ಮಂಗಗಳದೇ ರಾಜ್ಯ. ಕೈಯಲ್ಲಿ ಚೀಲ, ಬಾಟಲಿ, ತಿಂಡಿ ಏನೂ ಇರಬಾರದು. ಗಾಡಿಯ ಕಿಟಕಿ ಪೂರ್ತಿ ಮುಚ್ಚಿ, ಸಂದು ಬಿಟ್ಟರೆ ಬುತ್ತಿ ಹೋಯಿತು. ಕಸಿಯಲು ಬಂದರೆ ಮಗು ಬಿಟ್ಟುಕೊಡಲಿ, ಎಳೆದಾಡಿದರೆ ಕಚ್ಚುತ್ತವೆ. ಪರಚಿದರೂ ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದು ಆಸ್ಪತ್ರೆಯಲ್ಲಿ ರೇಬಿಸ್ ಚುಚ್ಚುಮದ್ದು ಕೇಳಿ. ನೀರಾಟದ ಆಸೆಗೆ ಮಹಾಕೂಟದ ಪುಷ್ಕರಣಿ ಇದೆ. ಈಜು ಬಾರದ ಮಗು ಮೆಟ್ಟಿಲಿನ ಮೇಲೆ, ದೊಡ್ಡವರೊಬ್ಬರು ನೀರಿನೊಳಗೆ.

ಗೋಕಾಕ ಜಲಪಾತ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವುದು ಮಳೆಗಾಲದಲ್ಲಿ. ಜನವರಿಯಲ್ಲಿ ಬಂಡೆಯೇ ಹೆಚ್ಚು ಕಾಣುತ್ತದೆ ಎಂದು ಮಕ್ಕಳಿಗೆ ಮೊದಲೇ ಹೇಳಿ ಕರೆದೊಯ್ಯಿರಿ. ಬಂಡೆಯ ಅಂಚಿನಲ್ಲಿ ಪಾಚಿ ಜಾರುತ್ತದೆ, ಚಿತ್ರ ತೆಗೆಯಲು ಅತ್ತ ಬಿಡಬೇಡಿ.

ಮನೆ ಸೇರಿದ ದಿನವೇ ರೆಗ್ಯುಲೇಟರ್ ಬಿಚ್ಚಿ ಸಿಲಿಂಡರಿನ ಮುಚ್ಚಳ ಹಾಕಿ, ನೀರಿನ ಕ್ಯಾನುಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿ, ಕೌದಿಗಳನ್ನು ಕೊಡವಿ ಒಣಹಾಕಿ.