ಅಣಬೆ ಬ್ಯಾಗಿನ ಹಸಿರು ಬೂಸ್ಟು ಕೊನೆಗೂ ನಿಂತಿದ್ದು ಹೀಗೆ
ಎರಡು ಸಲ ಚಿಪ್ಪಣಬೆ ಬ್ಯಾಗ್ ಪೂರ್ತಿ ಹಸಿರು ಬೂಸ್ಟು ಹಿಡಿದು ಎಸೆದೆ, ಬೀಜಾನೇ ಸರಿಯಿಲ್ಲ ಅಂತ ಬೈಕೊಂಡೆ, ತಪ್ಪು ನೋಡಿದ್ರೆ ನಂದೇ. ಬ್ಯಾಗಿಗೆ ತುಂಬೋ ಹುಲ್ಲಲ್ಲಿರೋ ಬೂಸ್ಟು ಸಾಯೋಕೆ ಅದರ ಮೇಲೆ ಕುದಿಯೋ ನೀರು ಸುರಿದು ಮುಚ್ಚಿಟ್ರೆ ಸಾಕು ಅನ್ಕೊಂಡಿದ್ದೆ, ಥರ್ಮಾಮೀಟರ್ ಚುಚ್ಚಿದ್ರೆ ನಡುವೆ ಬರೀ 48 ಡಿಗ್ರಿ! ಈ ಸಲ ಹುಲ್ಲನ್ನ ಎರಡಿಂಚು ಕತ್ತರಿಸಿ ಚೀಲಕ್ಕೆ ತುಂಬಿ, ತೇಲದ ಹಾಗೆ ಮೇಲೊಂದು ಕಲ್ಲು ಹೇರಿ, 70-75 ಡಿಗ್ರಿ ನೀರಲ್ಲಿ ಒಂದೂವರೆ ಗಂಟೆ ಇಟ್ಟೆ, ಕುದಿಸ್ಲಿಲ್ಲ. ಆಮೇಲೆ ರಾತ್ರಿಯಿಡೀ ನೇತುಹಾಕಿ ನೀರು ಬಸಿದೆ, ಒಂದು ಹಿಡಿ ಗಟ್ಟಿಯಾಗಿ ಹಿಂಡಿದ್ರೆ ಒಂದೆರಡು ಹನಿ ಬರ್ಬೇಕು ಅಷ್ಟೇ, ಧಾರೆ ಇಳಿದ್ರೆ ಇನ್ನೂ ಆರ್ಬೇಕು. ಪೂರ್ತಿ ತಣ್ಣಗಾದ್ಮೇಲೇ ಬೀಜ ಹಾಕಿದೆ, ಬಿಸಿ ಇದ್ರೆ ಸತ್ತೋಗತ್ತೆ. ಹದಿನೆಂಟನೇ ದಿನಕ್ಕೆ ಅಣಬೆಯ ಬಿಳಿ ಎಳೆ ಹರಡಿ ಬ್ಯಾಗೆಲ್ಲಾ ಬೆಳ್ಳಗೆ. ಮೂಲೇಲಿ ಒಂದು ಹಳದಿ ಕಲೆ ಇದೆ, ಅದರ ಮೇಲೊಂದು ಕಣ್ಣಿಟ್ಟಿದೀನಿ.