ವಾಕಿಂಗ್ ಬಳಗಕ್ಕೊಂದು ಆಟದ ಆಪ್ ಮಾಡುವುದು ಹೇಗೆ?

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ನಡೆಯುವ ನಮ್ಮ ಬಳಗದಲ್ಲಿ, ನಡೆದ ಹೆಜ್ಜೆ ಎಣಿಸಿ ಅಂಕ ಕೊಡುವ ಮೂರು ಆಪ್ ಈವರೆಗೆ ಹುಟ್ಟಿ ಸತ್ತಿವೆ. ಅದರಲ್ಲಿ ಒಂದು ನನ್ನದೇ. ಮೊದಲ ವಾರ ಎಲ್ಲರಿಗೂ ಹುರುಪು. ಮೂರನೇ ವಾರಕ್ಕೆ ಅಂಕಪಟ್ಟಿಯ ತುದಿಯಲ್ಲಿ ಅದೇ ಮೂರು ಹೆಸರು, ಮಿಕ್ಕವರ ಫೋನಿನಲ್ಲಿ ಆಪೇ ಇಲ್ಲ. ಕೋಡ್ ಬರೆಯುವುದು ಕಷ್ಟವಲ್ಲ, ಅಂಕ ಕೊಡುವುದು ಕಷ್ಟ. ನಾಲ್ಕನೆಯದು ಎಂಟು ತಿಂಗಳಿಂದ ಬದುಕಿದೆ. ಅದನ್ನು ಮಾಡಿದ ಬಗೆ ಇದು.

ಹೆಜ್ಜೆ 1: ಒಂದೇ ವ್ಯಾಯಾಮ ಹಿಡಿಯಿರಿ. ನಡಿಗೆ ಸಾಕು. ಯೋಗ, ಸೈಕಲ್, ಕ್ಯಾಲೊರಿ ಎಲ್ಲ ತುರುಕಬೇಡಿ. ಕ್ಯಾಲೊರಿ ಲೆಕ್ಕವಂತೂ ಬರೀ ಅಂದಾಜು, ಜಗಳಕ್ಕೆ ದಾರಿ.

ಹೆಜ್ಜೆ 2: ಫ್ಲಟರ್‌ನಲ್ಲಿ (ಆಪ್ ಬರೆಯಲು ಗೂಗಲ್ ಕೊಡುವ ಸಾಧನ) ಬರೆದರೆ ಒಂದೇ ಕೋಡ್ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆಗುತ್ತದೆ. ಎಲ್ಲರ ಲೆಕ್ಕ ಒಂದೆಡೆ ಕೂಡಿಡಲು ಹಿಂದೆ ಫೈರ್‌ಬೇಸ್ (ಗೂಗಲ್‌ನ ಆನ್‌ಲೈನ್ ಸೇವೆ) ಇಡಿ. ಇಷ್ಟೇ.

ಹೆಜ್ಜೆ 3: ಹೆಜ್ಜೆ ಎಣಿಕೆಯನ್ನು ಆಂಡ್ರಾಯ್ಡ್‌ನಲ್ಲಿ ಹೆಲ್ತ್ ಕನೆಕ್ಟ್‌ನಿಂದ, ಐಫೋನಿನಲ್ಲಿ ಹೆಲ್ತ್‌ಕಿಟ್‌ನಿಂದ ತೆಗೆದುಕೊಳ್ಳಿ. ಬೇರೆ ಬೇರೆ ಆಪ್, ವಾಚುಗಳ ಆರೋಗ್ಯದ ಲೆಕ್ಕ ಫೋನಿನಲ್ಲಿ ಒಂದೆಡೆ ಸೇರುವ ಜಾಗಗಳು ಇವು. ಯೂಟ್ಯೂಬಿನ ಹಳೇ ಪಾಠಗಳು ಇನ್ನೂ ಗೂಗಲ್ ಫಿಟ್ ಎಪಿಐ (ಹೆಜ್ಜೆ ಲೆಕ್ಕ ಪಡೆಯುವ ಗೂಗಲ್‌ನ ಹಳೇ ದಾರಿ) ಹೇಳಿಕೊಡುತ್ತಿವೆ. ಅದಕ್ಕೆ ಹೊಸ ಡೆವಲಪರ್‌ಗಳು ಸೇರುವುದನ್ನು 2024ರ ಮೇ ತಿಂಗಳಲ್ಲೇ ನಿಲ್ಲಿಸಿದ್ದಾರೆ, ಆ ವಿಡಿಯೊ ಮುಚ್ಚಿಬಿಡಿ. ಕೈಯಲ್ಲಿ ವಾಚು, ಜೇಬಲ್ಲಿ ಫೋನು ಇದ್ದವರಿಗೆ ಒಂದೇ ನಡಿಗೆ ಎರಡು ಸಲ ದಾಖಲಾಗಿರುತ್ತದೆ. ಆದ್ದರಿಂದ ದಾಖಲೆಗಳನ್ನು ಒಂದೊಂದಾಗಿ ಓದಿ ನೀವೇ ಕೂಡಬೇಡಿ, ಒಟ್ಟು ಮೊತ್ತ ಕೊಡು ಅಂತ ಕೇಳಿ.

ಕೆಲವು ಫೋನುಗಳಲ್ಲಿ ಹೆಲ್ತ್ ಕನೆಕ್ಟ್‌ಗೆ ಹೆಜ್ಜೆ ಬರೆಯುವ ಆಪೇ ಇರುವುದಿಲ್ಲ, ಬರೀ ಸೊನ್ನೆ ಬರುತ್ತದೆ. ಆಗ ಫೋನಿನ ಸೆನ್ಸರನ್ನೇ ಓದಬೇಕು. ನಾನು ಎಡವಿದ್ದು ಇಲ್ಲಿ. ಆಂಡ್ರಾಯ್ಡ್‌ನ ಸೆನ್ಸರ್ ಲೆಕ್ಕ ಇಡುವುದು ಬೆಳಗಿನಿಂದ ಅಲ್ಲ, ಫೋನ್ ಕೊನೆಯ ಸಲ ಆನ್ ಆದಾಗಿನಿಂದ. ನಾನು ಈಗಿನ ಸಂಖ್ಯೆಯಿಂದ ಬೆಳಗಿನದನ್ನು ಕಳೆದು ಸುಮ್ಮನಾಗಿದ್ದೆ. ಒಬ್ಬರು ಮಧ್ಯಾಹ್ನ ಫೋನ್ ಆಫ್ ಮಾಡಿ ಆನ್ ಮಾಡಿದರು. ಸಂಜೆ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಮೈನಸ್ 6,412. ‘ಹಿಂದಕ್ಕೆ ನಡೆದ್ರಾ ಸಾರ್?’ ಅಂತ ಈಗಲೂ ರೇಗಿಸುತ್ತಾರೆ. ಹೊಸ ಸಂಖ್ಯೆ ಹಳೆಯದಕ್ಕಿಂತ ಕಡಿಮೆಯಾದರೆ ರೀಬೂಟ್ ಆಗಿದೆ ಎಂದು ತಿಳಿದು, ಅಲ್ಲಿವರೆಗಿನ ಲೆಕ್ಕ ಉಳಿಸಿಕೊಂಡು, ಅಲ್ಲಿಂದ ಹೊಸದಾಗಿ ಕೂಡುತ್ತಾ ಹೋಗಿ.

ಹೆಜ್ಜೆ 4: ಅಂಕ. ಇಲ್ಲಿ ನಿಧಾನಿಸಿ.

ಎಲ್ಲರಿಗೂ 10,000 ಹೆಜ್ಜೆಯ ಗುರಿ ಇಡಬೇಡಿ. ಆ ಸಂಖ್ಯೆ ಹಬ್ಬಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮಾನ್ಪೊ-ಕೇ ಎಂಬ ಹೆಜ್ಜೆ ಎಣಿಸುವ ಯಂತ್ರದಿಂದ. ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರ್. ವೈದ್ಯರು ಅಳೆದು ತೂಗಿ ಹೇಳಿದ್ದಲ್ಲ, ಮಾರುವವರು ಇಟ್ಟ ಹೆಸರು.

ಪ್ರತಿಯೊಬ್ಬರನ್ನೂ ಅವರವರ ಜೊತೆಗೇ ಹೋಲಿಸಿ. ಕಳೆದ 14 ದಿನಗಳ ಹೆಜ್ಜೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನ ಸಂಖ್ಯೆ ಹಿಡಿಯಿರಿ (14ರಲ್ಲಿ ನಡುವೆ ಎರಡು ಬರುತ್ತವೆ, ಆ ಎರಡರ ಮಧ್ಯದ್ದು). ಸರಾಸರಿ ಬೇಡ. ಚಾಮುಂಡಿ ಬೆಟ್ಟ ಹತ್ತಿದ ಒಂದೇ ದಿನ ಸರಾಸರಿಯನ್ನು ಎತ್ತಿಬಿಡುತ್ತದೆ, ಆಮೇಲೆ ವಾರವಿಡೀ ಆ ಮನುಷ್ಯ ಸೋಲುತ್ತಾನೆ. ಇವತ್ತಿನ ಹೆಜ್ಜೆಯನ್ನು ಆ ನಡು ಸಂಖ್ಯೆಯಿಂದ ಭಾಗಿಸಿ 100ರಿಂದ ಗುಣಿಸಿದರೆ ಅಂಕ. ದಿನಾ 3,000 ನಡೆಯುವ ಅಜ್ಜಿ ಇವತ್ತು 3,900 ನಡೆದರೆ 130. ದಿನಾ 12,000 ಓಡುವ ಹುಡುಗ 12,600 ಮಾಡಿದರೆ 105. ಅಜ್ಜಿ ಗೆದ್ದರು! ನಮ್ಮ ಬಳಗದಲ್ಲಿ ಇದಾದ ದಿನ ಆ ಅಜ್ಜಿ ಎಲ್ಲರಿಗೂ ಕಾಫಿ ಕೊಡಿಸಿದರು.

150ಕ್ಕೆ ಮಿತಿ ಹಾಕಿ. ಇಲ್ಲದಿದ್ದರೆ ಮಂಡಿನೋವಿನವರೂ ಹಟಕ್ಕೆ ಬೀಳುತ್ತಾರೆ. ಇದರಲ್ಲೂ ಕಳ್ಳದಾರಿ ಇದೆ: ಎರಡು ವಾರ ಬೇಕಂತಲೇ ಕಡಿಮೆ ನಡೆದು, ನಡು ಸಂಖ್ಯೆ ಇಳಿಸಿಕೊಂಡು, ಆಮೇಲೆ ಅಂಕ ಬಾಚುವುದು. ಅದಕ್ಕೇ ಆ ಸಂಖ್ಯೆ ವಾರಕ್ಕೆ ಶೇ 5ಕ್ಕಿಂತ ಜಾಸ್ತಿ ಇಳಿಯದಂತೆ, 2,000ಕ್ಕಿಂತ ಕೆಳಗೆ ಹೋಗದಂತೆ ಕಟ್ಟಿಹಾಕಿ. ಕಾಯಿಲೆ ಬಿದ್ದವರಿಗೆ ‘ರಜೆ’ ಬಟನ್ ಕೊಡಿ, ಆ ದಿನಗಳನ್ನು ಲೆಕ್ಕಕ್ಕೇ ತರಬೇಡಿ.

ಹೆಜ್ಜೆ 5: ಮೋಸ. ಆಗೇ ಆಗುತ್ತದೆ. ನಮ್ಮಲ್ಲೊಬ್ಬರು ಮೊಮ್ಮಗುವಿನ ತೊಟ್ಟಿಲಿಗೆ ಫೋನ್ ಕಟ್ಟಿದ್ದರು. ಚುರುಕಾಗಿ ನಡೆದರೆ ನಿಮಿಷಕ್ಕೆ 100ರಿಂದ 130 ಹೆಜ್ಜೆ, ಓಡಿದರೆ 160-180. 220 ದಾಟಿದ ನಿಮಿಷವನ್ನು ಬಿಟ್ಟುಬಿಡಿ. ಒಂದು ಗಂಟೆ ಒಂದೇ ವೇಗ, ಒಂದು ಹೆಜ್ಜೆಯೂ ಆಚೀಚೆ ಇಲ್ಲ ಅಂದರೆ ಅದು ತೊಟ್ಟಿಲೇ. ಕೈಯಾರೆ ಟೈಪ್ ಮಾಡಿ ಸೇರಿಸಿದ ಹೆಜ್ಜೆಗೆ ಬೇರೆ ಗುರುತು ಇರುತ್ತದೆ, ಅದನ್ನೂ ಕಳೆಯಿರಿ. ಯಾರಿಗೂ ‘ನೀವು ಮೋಸ ಮಾಡಿದ್ರಿ’ ಎಂದು ಸಂದೇಶ ಕಳಿಸಬೇಡಿ. ಅಂಕ ಬರದಿದ್ದರೆ ಅವರಿಗೇ ಗೊತ್ತಾಗುತ್ತದೆ.

ಹೆಜ್ಜೆ 6: ಐದೈದು ಜನರ ತಂಡ ಮಾಡಿ. ದಿನಕ್ಕೆ ತಂಡದಲ್ಲಿ ಹೆಚ್ಚು ಅಂಕ ಬಂದ ನಾಲ್ವರದ್ದು ಮಾತ್ರ ಕೂಡಿ, ಒಬ್ಬರು ಮದುವೆಗೆ ಹೋದರೂ ತಂಡ ಬೈಯುವುದಿಲ್ಲ. ನೋಟಿಫಿಕೇಶನ್ ದಿನಕ್ಕೊಂದೇ, ಅದೂ ಕನ್ನಡದಲ್ಲಿ. ನಮ್ಮಲ್ಲಿ ಜಾಸ್ತಿ ಕೆಲಸ ಮಾಡಿದ್ದು ‘ಬನ್ನಿ, ಇನ್ನೊಂದು ಸುತ್ತು’ ಎಂದು ಗೆಳೆಯರಿಗೆ ಕಳಿಸುವ ಒಂದು ಬಟನ್. ಪದಕ, ಬಣ್ಣದ ನಾಣ್ಯ ಯಾರೂ ನೋಡಲಿಲ್ಲ.

ಹೆಜ್ಜೆ 7: ಮ್ಯಾಪ್ ಹಾಕಬೇಡಿ. ಸ್ಟ್ರಾವಾ ಆಪ್‌ನ ಓಟದ ನಕ್ಷೆಯಿಂದ ಸೇನಾ ನೆಲೆಗಳ ಜಾಡೇ ಕಾಣುತ್ತಿದ್ದದ್ದು 2018ರ ಜನವರಿಯಲ್ಲಿ ಬಯಲಾಯಿತು. ನಮ್ಮ ಬಳಗದ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಯಾವ ರಸ್ತೆಯಲ್ಲಿರುತ್ತಾರೆ ಅನ್ನುವುದು ಯಾರಿಗೂ ಬೇಕಿಲ್ಲ ಅಲ್ವಾ? ಲೊಕೇಶನ್ ಅನುಮತಿಯನ್ನೇ ಕೇಳಬೇಡಿ.

ಹೆಜ್ಜೆ 8: ಪ್ಲೇ ಸ್ಟೋರ್ ಖಾತೆಗೆ ಒಂದೇ ಸಲ 25 ಡಾಲರ್, ಆಪಲ್‌ಗೆ ವರ್ಷಕ್ಕೆ 99 ಡಾಲರ್. ಹೊಸ ವೈಯಕ್ತಿಕ ಖಾತೆಯಾದರೆ ಪ್ಲೇ ಸ್ಟೋರ್ ಮೊದಲು 12 ಜನರಿಂದ 14 ದಿನ ಪರೀಕ್ಷೆ ಮಾಡಿಸಿ ಎನ್ನುತ್ತದೆ. ಹನ್ನೆರಡೂ ಜನ ಆಫೀಸಿನ ಗೆಳೆಯರೇ ಆಗದಿರಲಿ. ಪದೇ ಪದೇ ಫೋನ್ ಆಫ್ ಮಾಡುವ ಒಬ್ಬರು, ಒಬ್ಬ ಅಜ್ಜಿ, ಮತ್ತೆ ಮನೆಯಲ್ಲಿ ತೊಟ್ಟಿಲು ಇರುವ ಒಬ್ಬರು ಅದರಲ್ಲಿ ಇರಲೇಬೇಕು.